ಬಂಧುಗಳ ಸಾಧಾರಣ ಕಂಪ್ಯೂಟರಿಗೆ ಕಡಿಮೆ ವಿದ್ಯುತ್ತಿನ ಗ್ರಾಫಿಕ್ಸ್ ಕಾರ್ಡ್ ಆರಿಸುವ ಬಗೆ

ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಆದ್ದರಿಂದ ದೊಡ್ಡಪ್ಪನೋ ಅತ್ತೆಯೋ ತಮ್ಮ ಕಂಪ್ಯೂಟರಿಗೊಂದು ಕಾರ್ಡ್ ನೋಡಿಕೊಡು ಎಂದಾಗ, ಅದು ನಿಜವಾಗಿ ಬೇಕೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಮೇಲು. ಇಮೇಲ್, ಬ್ರೌಸರ್, ಲೆಕ್ಕಪತ್ರ, ವಿಡಿಯೊ ಕರೆ, ಇಷ್ಟೇ ಬಳಕೆಯಾದರೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ಅವರು ನಿಧಾನ ಎಂದು ದೂರುವ ಹೊತ್ತಿನಲ್ಲೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಬೇಕು. ಡಿಸ್ಕ್ ಸದಾ 100 ಪ್ರತಿಶತದಲ್ಲಿದ್ದರೆ ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಬೇಕು. ಮೆಮೊರಿ ಪೂರ್ತಿ ಭರ್ತಿಯಾಗಿದ್ದರೆ ರ್‍ಯಾಮ್ ಹೆಚ್ಚಿಸಬೇಕು. ಈ ಎರಡಕ್ಕೂ ಗ್ರಾಫಿಕ್ಸ್ ಕಾರ್ಡ್ ಮದ್ದಲ್ಲ.

ಕಾರ್ಡ್ ನಿಜಕ್ಕೂ ಬೇಕಾಗುವ ಸಂದರ್ಭಗಳು ಕೆಲವೇ. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿರುವುದು ಅವುಗಳಲ್ಲಿ ಮೊದಲನೆಯದು. ಕೋರ್ ಐ5-10400ಎಫ್‌ನಂತೆ ಹೆಸರಿನ ಕೊನೆಗೆ ಎಫ್ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳಲ್ಲಿ ಅದು ಇರುವುದಿಲ್ಲ. ರೈಜೆನ್ 5 3600ರಂಥ, ಜಿ ಅಕ್ಷರವಿಲ್ಲದ ಹಳೆಯ ರೈಜೆನ್‌ಗಳಲ್ಲೂ ಇಲ್ಲ. ಮದರ್‌ಬೋರ್ಡಿನ ಡಿಸ್‌ಪ್ಲೇ ಪೋರ್ಟ್ ಕೆಟ್ಟುಹೋಗಿದ್ದರೆ, ಅಥವಾ ಎರಡನೆಯ ಮಾನಿಟರಿಗೆ ಪೋರ್ಟೇ ಇಲ್ಲದಿದ್ದರೆ ಕೂಡ ಕಾರ್ಡ್ ಬೇಕಾಗುತ್ತದೆ. ಇನ್ನೊಂದು ಸಂದರ್ಭ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಯೂಟ್ಯೂಬಿನಂಥ ತಾಣಗಳು ಈಗ ವಿಪಿ9 ಮತ್ತು ಎವಿ1 ಎಂಬ ಸಂಕೋಚನ ವಿಧಾನಗಳಲ್ಲಿ ವಿಡಿಯೊ ಕಳಿಸುತ್ತವೆ. ಹಳೆಯ ಗ್ರಾಫಿಕ್ಸ್‌ಗೆ ಇವನ್ನು ಬಿಡಿಸಲು ಬಾರದಿದ್ದಾಗ ಆ ಕೆಲಸವೆಲ್ಲ ಪ್ರೊಸೆಸರಿನ ಮೇಲೆ ಬಿದ್ದು, ಚಿತ್ರ ತಡೆತಡೆದು ಓಡುತ್ತದೆ. ವಿಡಿಯೊ ಓಡುವಾಗ ಮಾತ್ರ ಪ್ರೊಸೆಸರ್ ಬಳಕೆ ತುದಿ ಮುಟ್ಟುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಆದರೂ ಖರ್ಚಿಗೆ ಕೈಹಾಕುವ ಮುನ್ನ ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ, ಇಂಥ ಕೆಲಸವನ್ನು ಗ್ರಾಫಿಕ್ಸ್‌ಗೆ ಒಪ್ಪಿಸುವ ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಆಗಿಲ್ಲವಷ್ಟೇ ಎಂದು ನೋಡಿಕೊಳ್ಳಬೇಕು.

ಕಾರ್ಡ್ ಬೇಕೆಂದು ತೀರ್ಮಾನವಾದ ಮೇಲೆ ಆಯ್ಕೆಯನ್ನು ಅಂಗಡಿಯಿಂದ ಶುರುಮಾಡಬಾರದು, ಕ್ಯಾಬಿನೆಟ್ಟಿನ ಒಳಗಿನಿಂದ ಶುರುಮಾಡಬೇಕು. ಪಕ್ಕದ ಮುಚ್ಚಳ ಬಿಚ್ಚಿ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆಯ ಮೇಲಿನ ಚೀಟಿ ಓದಿ. ಕಚೇರಿಗಳಿಗೆಂದು ತಯಾರಾದ ಬ್ರಾಂಡೆಡ್ ಕಂಪ್ಯೂಟರುಗಳಲ್ಲಿ ಅದು 180ರಿಂದ 240 ವ್ಯಾಟಿನಷ್ಟೇ ಇರುವುದು ಸಾಮಾನ್ಯ. ಅದರ ಆಕಾರವೂ ಕನೆಕ್ಟರುಗಳೂ ಆ ಕಂಪನಿಯವೇ ಆಗಿರುವುದರಿಂದ ಬೇರೆಯದನ್ನು ತಂದು ಕೂರಿಸುವುದು ಕಷ್ಟ. ಕಾರ್ಡ್ ಕೂರುವ ಸ್ಲಾಟುಗಳಿಗೆ ಅನ್ವಯಿಸುವ ಪಿಸಿಐ ಎಕ್ಸ್‌ಪ್ರೆಸ್ ನಿಯಮದ ಪ್ರಕಾರ ಉದ್ದನೆಯ ಎಕ್ಸ್16 ಸ್ಲಾಟ್ ಒಂದು ಗ್ರಾಫಿಕ್ಸ್ ಕಾರ್ಡಿಗೆ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಕೆನ್ನುವ ಕಾರ್ಡಿಗೆ 6 ಪಿನ್ ಅಥವಾ 8 ಪಿನ್‌ನ ಪ್ರತ್ಯೇಕ ಕೇಬಲ್ ಜೋಡಿಸಬೇಕಾಗುತ್ತದೆ. ಇಂಥ ಕೇಬಲ್ ಬೇಡದ ಕಾರ್ಡುಗಳನ್ನೇ ನೋಡುವುದು ನಮ್ಮ ಮೊದಲ ಜರಡಿ. ಡಿಸ್ಕಿನ ಕನೆಕ್ಟರಿನಿಂದ 6 ಪಿನ್ ಹೊರಡಿಸುವ ಅಡಾಪ್ಟರುಗಳು ಸಿಗುತ್ತವೆಯಾದರೂ, ನಾವು ಎದುರಿಗಿಲ್ಲದಾಗ ದಿನವಿಡೀ ಓಡುವ ಕಂಪ್ಯೂಟರಿನಲ್ಲಿ ಅವನ್ನು ಬಳಸದಿರುವುದೇ ವಾಸಿ.

ಇಲ್ಲೊಂದು ಎಚ್ಚರಿಕೆ ಬೇಕು. ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1650 ಕಾರ್ಡಿನ ಮೂಲ ಮಿತಿ 75 ವ್ಯಾಟ್ ಆಗಿದ್ದರೂ, ಕೆಲವು ತಯಾರಕರು ವೇಗ ಏರಿಸಿದ ಮಾದರಿಗಳಿಗೆ 6 ಪಿನ್ ಜಾಗ ಕೊಟ್ಟಿದ್ದಾರೆ. ಹೆಸರನ್ನಷ್ಟೇ ನಂಬದೆ, ಕಾರ್ಡಿನ ಮೇಲಂಚಿನ ಚಿತ್ರ ನೋಡಿ ಅಲ್ಲಿ ಪವರ್ ಸಾಕೆಟ್ ಇಲ್ಲವೆಂದು ದೃಢಪಡಿಸಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ 200 ವ್ಯಾಟಿನ ಆಸುಪಾಸಿನ ಎಸ್‌ಎಂಪಿಎಸ್‌ಗೆ 30ರಿಂದ 50 ವ್ಯಾಟಿನ ಕಾರ್ಡೇ ಹಿತ. 75 ವ್ಯಾಟನ್ನೂ ಅದು ತಾಳಬಹುದು, ಆದರೆ ಬಿಸಿಯೂ ಫ್ಯಾನ್ ಸದ್ದೂ ಹೆಚ್ಚುತ್ತವೆ. ಆ ಶಕ್ತಿಗೆ ತಕ್ಕ ಕೆಲಸವಂತೂ ಇಂಥ ಬಳಕೆಯಲ್ಲಿ ಇರುವುದಿಲ್ಲ.

ಎರಡನೆಯದು ಅಳತೆ. ತೆಳ್ಳನೆಯ ಕ್ಯಾಬಿನೆಟ್ಟಿಗೆ ಲೋ ಪ್ರೊಫೈಲ್ ಕಾರ್ಡ್ ಮಾತ್ರ ಹಿಡಿಸುತ್ತದೆ. ಸಾಮಾನ್ಯ ಕಾರ್ಡಿನ ಲೋಹದ ಬ್ರಾಕೆಟ್ ಸುಮಾರು 12 ಸೆಂಟಿಮೀಟರ್ ಉದ್ದವಿದ್ದರೆ ಲೋ ಪ್ರೊಫೈಲಿನದು ಸುಮಾರು 8 ಸೆಂಟಿಮೀಟರ್. ಕಾರ್ಡ್ ಚಿಕ್ಕದಾಗಿದ್ದು ಬ್ರಾಕೆಟ್ ದೊಡ್ಡದಾಗಿದ್ದರೆ ಮುಚ್ಚಳ ಹಾಕಲು ಆಗುವುದಿಲ್ಲ. ಆದ್ದರಿಂದ ಪೆಟ್ಟಿಗೆಯಲ್ಲಿ ಎರಡೂ ಬ್ರಾಕೆಟ್ ಬರುತ್ತವೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು, ಹಳೆಯ ಕಾರ್ಡ್ ಕೊಳ್ಳುವಾಗ ಮುಖ್ಯವಾಗಿ. ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ದಪ್ಪವಾಗಿ ಎರಡು ಸ್ಲಾಟಿನ ಜಾಗ ತಿನ್ನುವ ಕಾರ್ಡುಗಳೂ ಇವೆ. ಸ್ಲಾಟಿನ ಪಕ್ಕಕ್ಕೇ ಎಸ್‌ಎಂಪಿಎಸ್ ಅಥವಾ ವೈಫೈ ಕಾರ್ಡ್ ಇದ್ದರೆ ಅವು ಕೂರುವುದಿಲ್ಲ.

ಮಾನಿಟರಿನ ಹಿಂಭಾಗವನ್ನೂ ನೋಡಬೇಕು. ಹಿರಿಯರ ಮನೆಯ ಮಾನಿಟರುಗಳಲ್ಲಿ ಎಷ್ಟೋ ಸಲ ವಿಜಿಎ ಮಾತ್ರ ಇರುತ್ತದೆ. ಮುಂದೆ ಹೇಳಲಿರುವ ಎನ್‌ವಿಡಿಯಾ ಜಿಟಿ 1030ರ ಕಾಲದಿಂದೀಚೆಗಿನ ಕಾರ್ಡುಗಳು ಅನಲಾಗ್ ಸಂಕೇತವನ್ನೇ ಕೊಡುವುದಿಲ್ಲವಾದ್ದರಿಂದ, ಡಿವಿಐಗೆ ಸಿಕ್ಕಿಸುವ ಸಾದಾ ವಿಜಿಎ ಅಡಾಪ್ಟರ್ ಇಲ್ಲಿ ಕೆಲಸಕ್ಕೆ ಬಾರದು. ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು. ಪರದೆ 4ಕೆ ಆಗಿದ್ದರೆ ಎಚ್‌ಡಿಎಂಐ 2.0 ಇರಬೇಕು, ಏಕೆಂದರೆ ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿಯಷ್ಟೇ ಬದಲಾಗುತ್ತದೆ ಮತ್ತು ಮೌಸ್ ಬಾಣ ಎಳೆದಂತೆ ಭಾಸವಾಗುತ್ತದೆ.

ಇನ್ನು ಕಾರ್ಡುಗಳ ವಿಚಾರ. ಅಂಗಡಿಯವರು ಮೊದಲು ತೋರಿಸುವುದು ಜಿಟಿ 710 ಇಲ್ಲವೇ ಜಿಟಿ 730. ಜಿಟಿ 710 ಕೇವಲ 19 ವ್ಯಾಟಿನದು, ಫ್ಯಾನ್ ಇಲ್ಲದ ಮಾದರಿಗಳೂ ಇವೆ, ಪರದೆಗೆ ಚಿತ್ರ ಬಂದರೆ ಸಾಕೆನ್ನುವವರಿಗೆ ಆದೀತು. ಆದರೆ ಅದರ ಕೆಪ್ಲರ್ ಪೀಳಿಗೆಯ ಚಿಪ್ಪಿಗೆ ವಿಪಿ9 ಬಿಡಿಸಲು ಬಾರದು, ಮತ್ತು ಎನ್‌ವಿಡಿಯಾ ಅದರ ಡ್ರೈವರುಗಳನ್ನು 470ರ ಸರಣಿಗೇ ನಿಲ್ಲಿಸಿ, ಭದ್ರತಾ ಪರಿಷ್ಕರಣೆಗಳನ್ನೂ 2024ರಲ್ಲಿ ಮುಗಿಸಿದೆ. ವಿಡಿಯೊ ತಡೆಯುತ್ತದೆಂಬ ಕಾರಣಕ್ಕೆ ಇದನ್ನು ಹಾಕಿದರೆ ದೂರು ಹಾಗೇ ಉಳಿಯುತ್ತದೆ. ಜಿಟಿ 730 ಇನ್ನೂ ಗೊಂದಲದ್ದು: ಒಂದೇ ಹೆಸರಿನಲ್ಲಿ 49 ವ್ಯಾಟಿನ ಹಳೆಯ ಫರ್ಮಿ ಚಿಪ್ಪಿನ ಕಾರ್ಡೂ ಅದರ ಅರ್ಧದಷ್ಟು ವಿದ್ಯುತ್ ಬಳಸುವ ಕೆಪ್ಲರ್ ಕಾರ್ಡೂ ಮಾರಾಟವಾಗಿವೆ.

2017ರಲ್ಲಿ ಬಂದ ಜಿಟಿ 1030 ಇವೆರಡಕ್ಕಿಂತ ಎಷ್ಟೋ ಉತ್ತಮ. 30 ವ್ಯಾಟಿನ ಈ ಕಾರ್ಡ್ ವಿಪಿ9 ಮತ್ತು ಎಚ್‌ಇವಿಸಿ ಎಂಬ ಇನ್ನೊಂದು ಸಂಕೋಚನ ವಿಧಾನದ ವಿಡಿಯೊಗಳನ್ನು ತಾನೇ ಬಿಡಿಸುತ್ತದೆ. ಕೊಳ್ಳುವಾಗ ಡಬ್ಬದ ಮೇಲೆ ಜಿಡಿಡಿಆರ್5 ಎಂದೇ ಇರಬೇಕು. ಮರುವರ್ಷ ಇದೇ ಹೆಸರಿನಲ್ಲಿ ಬಂದ ಡಿಡಿಆರ್4 ಮಾದರಿಯ ಮೆಮೊರಿ ವೇಗ ಸೆಕೆಂಡಿಗೆ 48 ಗಿಗಾಬೈಟಿನಿಂದ ಸುಮಾರು 17ಕ್ಕೆ ಇಳಿದಿದೆ, ಹೆಸರು ಮಾತ್ರ ಬದಲಾಗಿಲ್ಲ. ಗ್ರಾಹಕನಿಗೆ ಇದಕ್ಕಿಂತ ದೊಡ್ಡ ಉಪದ್ರವ ಇನ್ನಿಲ್ಲ. ಪ್ಯಾಸ್ಕಲ್ ಪೀಳಿಗೆಯ ಈ ಕಾರ್ಡಿನ ಹೊಸ ಡ್ರೈವರುಗಳೂ 2025ರಲ್ಲಿ ನಿಂತು, ಇನ್ನು 2028ರವರೆಗೆ ಭದ್ರತಾ ಪರಿಷ್ಕರಣೆಗಳಷ್ಟೇ ಬರಲಿವೆ.

ಹೀಗಾಗಿ ಇಂದು ಕೊಳ್ಳುವವರಿಗೆ ನಾನು ಮೊದಲು ಸೂಚಿಸುವುದು ಅದೇ 30 ವ್ಯಾಟಿನ ಎನ್‌ವಿಡಿಯಾ ಟಿ400. ಇದು ವೃತ್ತಿಪರ ಕೆಲಸದ ವರ್ಕ್‌ಸ್ಟೇಷನ್ ಕಂಪ್ಯೂಟರುಗಳಿಗೆಂದು ಮಾಡಿದ ಲೋ ಪ್ರೊಫೈಲ್ ಕಾರ್ಡ್. ಒಂದೇ ಸ್ಲಾಟಿನಲ್ಲಿ ಕೂರುತ್ತದೆ, ಮೂರು ಮಾನಿಟರ್ ಹಿಡಿಯುತ್ತದೆ. ಅದರಲ್ಲಿರುವುದು ಮಿನಿ ಡಿಸ್‌ಪ್ಲೇಪೋರ್ಟ್ ಆದ್ದರಿಂದ ಎಚ್‌ಡಿಎಂಐ ಪರಿವರ್ತಕವನ್ನೂ ಜೊತೆಗೇ ಕೊಳ್ಳಬೇಕು. 53 ವ್ಯಾಟಿನ ರೇಡಿಯಾನ್ ಆರ್‌ಎಕ್ಸ್ 6400 ಆಟಗಳಿಗೆ ಚುರುಕಾಗಿದ್ದರೂ ಎವಿ1 ಬಿಡಿಸುವುದಿಲ್ಲ, ಮತ್ತು ಸ್ಲಾಟಿನಲ್ಲಿ ಮಾಹಿತಿ ಹರಿಯುವ ದಾರಿಗಳಾದ ಲೇನ್‌ಗಳಲ್ಲಿ ನಾಲ್ಕನ್ನೇ ಬಳಸುವುದರಿಂದ ಹಳೆಯ ಮದರ್‌ಬೋರ್ಡಿನಲ್ಲಿ ಅದರ ವೇಗ ಕುಗ್ಗುತ್ತದೆ. ಇಂಟೆಲ್ ಆರ್ಕ್ ಎ310 ಎವಿ1 ಬಿಡಿಸುತ್ತದೆ, ಆದರೆ ಅದಕ್ಕೆ, ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಮ್ಮೆಗೇ ಬಳಸಲು ಬಿಡುವ ರೀಸೈಜಬಲ್ ಬಾರ್ ಎಂಬ ಸೌಲಭ್ಯವಿರುವ ಕಂಪ್ಯೂಟರ್ ಬೇಕು, ಇಂಟೆಲ್ ಆದರೆ ಹತ್ತನೇ ಪೀಳಿಗೆಯದು ಅಥವಾ ನಂತರದ್ದು. ಮನೆಯ ಮಕ್ಕಳು ಆಟವನ್ನೂ ಆಡುವವರಾದರೆ 2024ರ ಆರ್‌ಟಿಎಕ್ಸ್ 3050ರ 6 ಗಿಗಾಬೈಟ್ ಮಾದರಿ ಇದೆ. 70 ವ್ಯಾಟಿನ ಈ ಕಾರ್ಡನ್ನು ಕೇಬಲ್ ಇಲ್ಲದೆ ಸ್ಲಾಟಿನ ಬಲದಲ್ಲೇ ಓಡಿಸಬಹುದು. ಹೆಸರಿನಲ್ಲಿರುವ 6 ಗಿಗಾಬೈಟ್ ಇಲ್ಲಿ ಮುಖ್ಯ, ಏಕೆಂದರೆ 8 ಗಿಗಾಬೈಟಿನದಕ್ಕೆ ಪ್ರತ್ಯೇಕ ಕೇಬಲ್ ಬೇಕು.

ಚಾಲೂ ಮಾಡುವ ತಂತ್ರಾಂಶವಾಗಿ ಹೊಸ ಬಗೆಯ ಯುಇಎಫ್‌ಐ ಇಲ್ಲದ, ಹಳೆಯ ಬಯೋಸ್ ಮಾತ್ರ ಇರುವ ಕಂಪ್ಯೂಟರಿನಲ್ಲಿ ಹೊಸ ಕಾರ್ಡ್ ಹಾಕಿದರೆ ಕಪ್ಪು ಪರದೆಯಷ್ಟೇ ಕಾಣುವ ಸಂಭವವಿದೆ. ಆದ್ದರಿಂದ ಕಂಪ್ಯೂಟರ್ ಬಹಳ ಹಳೆಯದಾಗಿದ್ದರೆ ಹಿಂತಿರುಗಿಸುವ ಅವಕಾಶವಿರುವ ಕಡೆಯೇ ಕೊಳ್ಳಬೇಕು. ಬಳಸಿದ ಕಾರ್ಡ್ ತಂದರೆ ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶದಲ್ಲಿ ಒಮ್ಮೆ ಪರೀಕ್ಷಿಸಬೇಕು. ಹಳೆಯ ಚಿಪ್ಪಿಗೆ ಹೊಸ ಹೆಸರು ಹಚ್ಚಿ ಮಾರಿರುವ ಎಷ್ಟೋ ಕಾರ್ಡುಗಳನ್ನು ಅದು ಗುರುತಿಸಿ, ಹೆಸರಿನ ಮುಂದೆ ಫೇಕ್ ಎಂದು ತೋರಿಸುತ್ತದೆ.

ಕೂರಿಸುವ ಕೆಲಸ ಸುಲಭ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದ ಮೇಲೆ ಸ್ಲಾಟಿನ ಎದುರಿನ ತಗಡು ತೆಗೆಯಬೇಕು. ಕಾರ್ಡಿನ ಅಂಚು ಹಿಡಿದು ನೇರವಾಗಿ ಒತ್ತಿದಾಗ ಸ್ಲಾಟಿನ ತುದಿಯ ಚಿಲಕ ಟಕ್ ಎಂದು ಬೀಳುತ್ತದೆ. ಆ ಸದ್ದು ಕೇಳದಿದ್ದರೆ ಕಾರ್ಡ್ ಪೂರ್ತಿ ಕೂತಿಲ್ಲ. ಬಳಿಕ ಸ್ಕ್ರೂ ಬಿಗಿದು ಮಾನಿಟರಿನ ಕೇಬಲ್ಲನ್ನು ಕಾರ್ಡಿಗೇ ಸಿಕ್ಕಿಸಬೇಕು. ಮದರ್‌ಬೋರ್ಡಿನ ಹಳೆಯ ಪೋರ್ಟಿಗೆ ತುಂಡು ಟೇಪ್ ಅಂಟಿಸಿಬಿಟ್ಟರೆ, ಮುಂದೆ ದೂಳು ಒರೆಸುವಾಗ ಕೇಬಲ್ ಕಳಚಿದವರು ಅದನ್ನು ತಪ್ಪಿ ಅಲ್ಲಿಗೆ ಸಿಕ್ಕಿಸಿ, ಪರದೆ ಬರುತ್ತಿಲ್ಲವೆಂದು ಫೋನ್ ಮಾಡುವುದು ತಪ್ಪುತ್ತದೆ. ಡ್ರೈವರನ್ನು ತಯಾರಕರ ತಾಣದಿಂದಲೇ ಇಳಿಸಿಕೊಂಡು, ಅವರು ದಿನವೂ ನೋಡುವ ವಿಡಿಯೊವನ್ನೇ ಹತ್ತು ನಿಮಿಷ ಪೂರ್ಣ ಪರದೆಯಲ್ಲಿ ಓಡಿಸಿ ನೋಡಬೇಕು. ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟದಲ್ಲಿ ವಿಡಿಯೊ ಡಿಕೋಡ್ ಎಂಬ ಗೆರೆ ಏರಿ, ಪ್ರೊಸೆಸರಿನದು ಕೆಳಗೇ ಉಳಿದಿದ್ದರೆ ಮುಚ್ಚಳ ಹಾಕಬಹುದು. ಬಳಸದ ಬ್ರಾಕೆಟ್ಟನ್ನು ಮಾತ್ರ ಎಸೆಯದೆ ಕಾರ್ಡಿನ ಡಬ್ಬದಲ್ಲೇ ಹಾಕಿ ಅವರ ಕೈಗೆ ಕೊಡಿ.