ಮೊದಲು ಮೇಣದಬತ್ತಿ, ಆಮೇಲೆ ಸೋಪು: ಸಣ್ಣ ಉದ್ಯಮಕ್ಕೆ ಬೇಕಾದ ಅಳತೆ ಮತ್ತು ಲೆಕ್ಕ

ಮೇಣದಬತ್ತಿ, ಸೋಪು ಎರಡನ್ನೂ ಒಟ್ಟಿಗೆ ಮಾರಲು ಹೊರಡುವವರು ಮೊದಲು ತಿಳಿದಿರಬೇಕಾದ ಮಾತೊಂದಿದೆ. ಕಾನೂನಿನ ಪ್ರಕಾರ ಇವೆರಡೂ ಒಂದೇ ಬಗೆಯ ಸರಕಲ್ಲ. ಮೈಗೆ ಹಚ್ಚುವ ಸೋಪು ಕಾಸ್ಮೆಟಿಕ್ ಆದ್ದರಿಂದ ಮಾರಲು ತಯಾರಿಸುವವರಿಗೆ ಪರವಾನಗಿ ಬೇಕು. 2020ರ ಕಾಸ್ಮೆಟಿಕ್ಸ್ ನಿಯಮಗಳಂತೆ ಸಿಒಎಸ್-5 ನಮೂನೆಯಲ್ಲಿ ರಾಜ್ಯದ ಔಷಧ ಪರವಾನಗಿ ಅಧಿಕಾರಿಗೆ ಅರ್ಜಿ ಹಾಕಬೇಕು, ಪರವಾನಗಿ ಸಿಒಎಸ್-8 ನಮೂನೆಯಲ್ಲಿ ಬರುತ್ತದೆ. ತಯಾರಿಸುವ ಜಾಗ ವಾಸದ ಮನೆಗೆ ಕೂಡಿಕೊಂಡಿರಬಾರದು. ಅಡುಗೆಮನೆ ಕಟ್ಟೆಯ ಮೇಲೆ ಮಾಡಿದ ಸೋಪನ್ನು ಸ್ವಂತಕ್ಕೆ ಬಳಸಬಹುದೇ ಹೊರತು ಸಂತೆಯಲ್ಲಿ ಇಟ್ಟು ಮಾರುವಂತಿಲ್ಲ. ಸ್ವಂತ ಜಾಗ ಹೊಂದಿಸಲು ಆಗದವರಿಗೆ ಪರವಾನಗಿ ಇರುವ ಇನ್ನೊಬ್ಬರ ಘಟಕದಲ್ಲಿ ಮಾಡಿಸುವ ಲೋನ್ ಲೈಸೆನ್ಸ್ ದಾರಿಯಿದೆ. ಅದರ ಅರ್ಜಿ ಸಿಒಎಸ್-6.

ಮೇಣದಬತ್ತಿಗೆ ಈ ಪರವಾನಗಿ ಬೇಡ. ಹಾಗಾಗಿ ಮಾರಾಟವನ್ನು ಮೇಣದಬತ್ತಿಯಿಂದ ಶುರುಮಾಡಿ, ಅದೇ ತಿಂಗಳುಗಳಲ್ಲಿ ಮನೆಬಳಕೆಗೆ ಸೋಪು ಮಾಡುತ್ತಾ ಕೈ ಪಳಗಿಸಿಕೊಂಡು, ಒಂದೇ ಸೋಪನ್ನು ಹತ್ತು ಸಲ ಒಂದೇ ಥರ ಮಾಡಲು ಬಂದ ಮೇಲೆ ಪರವಾನಗಿಗೆ ಹಣ ಹಾಕುವುದು ಸರಿಯಾದ ಕ್ರಮ. ಮೊದಲ ಖರ್ಚು ಬಣ್ಣಬಣ್ಣದ ಅಚ್ಚುಗಳಿಗಲ್ಲ, 1 ಗ್ರಾಂ ತೋರಿಸುವ 5 ಕೆಜಿ ತಕ್ಕಡಿಗೆ ಮತ್ತು ಒಂದು ಥರ್ಮಾಮೀಟರಿಗೆ.

ಮೇಣದಬತ್ತಿ

200 ಮಿ.ಲೀ. ಹಿಡಿಯುವ, ಶಾಖ ತಡೆಯುವ ಗ್ಲಾಸಿಗೆ ಮೇಲೆ ಒಂದು ಬೆರಳು ಜಾಗ ಬಿಟ್ಟರೆ ಸುಮಾರು 160 ಗ್ರಾಂ ಮೇಣ ಬೇಕು. ಗ್ಲಾಸಿಗೆಂದೇ ಮಾಡಿದ ಸೋಯಾ ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 75ರಿಂದ 80 ಡಿಗ್ರಿಗೆ ಕರಗಿಸಿ. ನೇರ ಉರಿಯ ಮೇಲೆ ಬೇಡವೇ ಬೇಡ. ಸುವಾಸನೆ ಎಣ್ಣೆ ಮೇಣದ ತೂಕದ ಶೇ. 6ರಿಂದ 8, ಅಂದರೆ 160 ಗ್ರಾಂಗೆ 10ರಿಂದ 13 ಗ್ರಾಂ. ಎಣ್ಣೆ ಹಾಕಿದ ಮೇಲೆ ಎರಡು ನಿಮಿಷ ನಿಧಾನವಾಗಿ ಕಲಕಬೇಕು. ಅವಸರ ಮಾಡಿದರೆ ಎಣ್ಣೆ ತಳಕ್ಕಿಳಿದು ಬತ್ತಿಯ ಸುತ್ತ ಜಿನುಗುತ್ತದೆ. 55ರಿಂದ 60 ಡಿಗ್ರಿಗೆ ಇಳಿದಾಗ ಗ್ಲಾಸಿಗೆ ಸುರಿದು, ಫ್ಯಾನಿನ ಗಾಳಿ ತಾಗದ ಕಡೆ ಆರಲು ಬಿಡಿ. ಸುವಾಸನೆ ಮೇಣದಲ್ಲಿ ಕೂರಲು ಒಂದರಿಂದ ಎರಡು ವಾರ ಬೇಕು. ಮೇಲೆ ಬೆಳ್ಳಗೆ ಹೂವಿನಂತೆ ಮೂಡುವ ಹರಳು ಸೋಯಾ ಮೇಣದ ಗುಣ, ಉರಿಯುವುದಕ್ಕೆ ಅದರಿಂದ ತೊಂದರೆಯಿಲ್ಲ.

ಕಷ್ಟವಿರುವುದು ಬತ್ತಿಯ ಆಯ್ಕೆಯಲ್ಲಿ. ಹೊಸ ಗ್ಲಾಸು, ಹೊಸ ಸುವಾಸನೆ ಅಥವಾ ಹೊಸ ಬಣ್ಣ ಬಂದಾಗಲೆಲ್ಲ ಬತ್ತಿಯನ್ನು ಮತ್ತೆ ಪರೀಕ್ಷಿಸಬೇಕು. ಒಂದೇ ದಿನ ಮೂರು ಅಳತೆಯ ಬತ್ತಿಗಳಲ್ಲಿ ಮೂರು ಗ್ಲಾಸು ಮಾಡಿ, ಒಮ್ಮೆಗೆ 4 ಗಂಟೆಯಂತೆ ತಳ ಮುಟ್ಟುವವರೆಗೆ ಉರಿಸಿ. ಪ್ರತಿ ಗಂಟೆಗೆ ಕರಗಿದ ಮೇಣದ ಅಗಲ, ಆಳ ಬರೆದಿಡಿ. 3ರಿಂದ 4 ಗಂಟೆಯಲ್ಲಿ ಕರಗಿದ ಮೇಣ ಅಂಚು ಮುಟ್ಟಿ, ಆಳ 1 ಸೆಂ.ಮೀ. ಆಸುಪಾಸಿನಲ್ಲಿದ್ದರೆ ಬತ್ತಿ ಸರಿಯಿದೆ. ಮೊದಲ ಗಂಟೆಯಲ್ಲೇ ಅಂಚು ಮುಟ್ಟಿದರೆ ಬತ್ತಿ ದಪ್ಪವಾಯಿತು. ಅರ್ಧ ಉರಿದ ಮೇಲೆ ಗ್ಲಾಸು ಮುಟ್ಟಲಾಗದಷ್ಟು ಕಾದು ಸೀಳಬಹುದು. ಅಂಚು ಮುಟ್ಟದೆ ನಡುವೆ ಬಾವಿ ತೋಡಿದಂತೆ ಇಳಿದರೆ ಬತ್ತಿ ಸಣ್ಣದಾಯಿತು. ತುದಿಯಲ್ಲಿ ಅಣಬೆಯಂತೆ ಮಸಿ ಕಟ್ಟಿದರೆ ಬತ್ತಿ ದಪ್ಪ ಅಥವಾ ಸುವಾಸನೆ ಹೆಚ್ಚು. ನಮ್ಮ ಮನೆಗಳಲ್ಲಿ ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇರುತ್ತದೆ. ಆ ಗಾಳಿಗೆ ಜ್ವಾಲೆ ವಾಲಿ ಒಂದು ಬದಿ ಗ್ಲಾಸು ಕಪ್ಪಾಗುತ್ತದೆ, ಗ್ರಾಹಕರು ಮೇಣವನ್ನು ದೂರುತ್ತಾರೆ. "ಫ್ಯಾನ್ ಆರಿಸಿ ಹಚ್ಚಿ, ಬತ್ತಿಯನ್ನು 5 ಮಿ.ಮೀ.ಗೆ ಕತ್ತರಿಸಿ, 4 ಗಂಟೆಗಿಂತ ಹೆಚ್ಚು ಉರಿಸಬೇಡಿ" ಎಂದು ಲೇಬಲಿನಲ್ಲೇ ಹಾಕಿ.

ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ನೀರು ಬಿದ್ದೊಡನೆ ಉರಿಯುವ ಮೇಣ ಸುತ್ತ ಸಿಡಿಯುತ್ತದೆ. ಒಲೆ ಆರಿಸಿ ಪಾತ್ರೆಯ ಮೇಲೆ ಮುಚ್ಚಳ ಹಾಕಬೇಕು. ಆ ಮುಚ್ಚಳ ಕೈಗೆಟುಕುವಲ್ಲಿ ಇಟ್ಟುಕೊಂಡೇ ಕೆಲಸ ಶುರುಮಾಡಿ.

ಸೋಪು

1 ಕೆಜಿ ಎಣ್ಣೆಯ ಒಂದು ನಂಬಿಕಸ್ತ ಲೆಕ್ಕ ಇಲ್ಲಿದೆ. ಕೊಬ್ಬರಿ ಎಣ್ಣೆ 400 ಗ್ರಾಂ, ಅಕ್ಕಿ ತವುಡಿನ ಎಣ್ಣೆ 350, ಮುರುಗಲ ತುಪ್ಪ (ಕೋಕಂ ಬೆಣ್ಣೆ) 150, ಹರಳೆಣ್ಣೆ 100. ಕಾಸ್ಟಿಕ್ ಸೋಡಾ (ಎಣ್ಣೆಯನ್ನು ಸೋಪಾಗಿಸುವ ಪ್ರಬಲ ಕ್ಷಾರ) 145 ಗ್ರಾಂ, ಡಿಸ್ಟಿಲ್ಡ್ ನೀರು 290 ಗ್ರಾಂ, ಸುವಾಸನೆ 30 ಗ್ರಾಂ. ಕೊಬ್ಬರಿ ಎಣ್ಣೆ ನೊರೆಗೆ, ಮುರುಗಲ ತುಪ್ಪ ಗಟ್ಟಿತನಕ್ಕೆ, ಹರಳೆಣ್ಣೆ ನೊರೆ ನಿಲ್ಲಲಿಕ್ಕೆ. ಈ 145 ಬಂದದ್ದು ಹೀಗೆ: ಒಂದು ಗ್ರಾಂ ಎಣ್ಣೆ ಸೋಪಾಗಲು ಬೇಕಾದ ಕಾಸ್ಟಿಕ್ ಕೊಬ್ಬರಿಗೆ 0.183, ತವುಡಿಗೆ 0.133, ಮುರುಗಲಿಗೆ 0.135, ಹರಳಿಗೆ 0.128. ಗುಣಿಸಿ ಕೂಡಿದರೆ 152.8. ಅದರಲ್ಲಿ ಶೇ. 5 ಕಡಿಮೆ ಮಾಡಿದರೆ ಅಷ್ಟು ಎಣ್ಣೆ ಸೋಪಾಗದೆ ಉಳಿದು ಚರ್ಮಕ್ಕೆ ಮೆತ್ತಗಿರುತ್ತದೆ. ಒಂದು ಎಣ್ಣೆ ಬದಲಿಸಿದರೂ ಲೆಕ್ಕ ಮೊದಲಿನಿಂದ ಹಾಕಬೇಕು. ಚಮಚ, ಲೋಟದ ಅಳತೆ ಇಲ್ಲಿ ನಡೆಯುವುದಿಲ್ಲ.

ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ ಹಾಕಿ, ಕಿಟಕಿ ತೆರೆದು ಕೆಲಸ ಮಾಡಿ. ಕಾಸ್ಟಿಕನ್ನು ನೀರಿಗೆ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಚಿಮ್ಮುತ್ತದೆ. ಪಾತ್ರೆ ಸ್ಟೀಲಿನದಿರಲಿ. ಅಲ್ಯೂಮಿನಿಯಂ ಕರಗಿ ಹೈಡ್ರೋಜನ್ ಅನಿಲ ಬಿಡುತ್ತದೆ. ಮೈಗೆ ತಾಗಿದರೆ ವಿನೆಗರ್ ಹುಡುಕಬೇಡಿ, ಹರಿಯುವ ನೀರಿನಲ್ಲಿ ಹದಿನೈದಿಪ್ಪತ್ತು ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹೀಗೇ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಎಣ್ಣೆಗಳೂ ಕಾಸ್ಟಿಕ್ ನೀರೂ 40 ಡಿಗ್ರಿ ಹತ್ತಿರಕ್ಕೆ ಬಂದಾಗ ಸೇರಿಸಿ, ಹ್ಯಾಂಡ್ ಬ್ಲೆಂಡರನ್ನು ಬಿಟ್ಟು ಬಿಟ್ಟು ಓಡಿಸಿ. ಮಿಶ್ರಣ ದೋಸೆಹಿಟ್ಟಿನ ಹದಕ್ಕೆ ಬಂದು, ಮೇಲಿಂದ ಬಿದ್ದ ಧಾರೆಯ ಗೆರೆ ಅಳಿಸದೆ ನಿಂತರೆ ಸುವಾಸನೆ ಹಾಕಿ ಅಚ್ಚಿಗೆ ಸುರಿಯಿರಿ. ಲವಂಗ, ದಾಲ್ಚಿನ್ನಿ ಎಣ್ಣೆಗಳು ಕ್ಷಣದಲ್ಲಿ ಮಿಶ್ರಣವನ್ನು ಮುದ್ದೆಯಾಗಿಸುತ್ತವೆ, ಅವನ್ನು ಕೈಯಲ್ಲಿ ಕಲಕಿ ಸೇರಿಸಬೇಕು. ಅರಿಶಿನ ಹಾಕಿದರೆ ಆರತಿಗೆ ಅರಿಶಿನ-ಸುಣ್ಣ ಕಲಸಿದಾಗ ಆಗುವಂತೆ ಕೆಂಪಾಗುತ್ತದೆ. ಕಾರಣವೂ ಅದೇ, ಕ್ಷಾರ. ದಿನ ಕಳೆದಂತೆ ಬಣ್ಣ ಇಳಿಯುತ್ತದೆ. ಅರಿಶಿನ ಸೋಪಿನ ಚಿತ್ರ ತೆಗೆಯುವುದಿದ್ದರೆ ಕತ್ತರಿಸಿದ ದಿನ ಬೇಡ, ಪೂರ್ತಿ ಒಣಗಿದ ಮೇಲೆ ತೆಗೆಯಿರಿ. ಇಲ್ಲವಾದರೆ ಗ್ರಾಹಕರ ಕೈಗೆ ಸಿಗುವುದು ಬೇರೆಯೇ ಬಣ್ಣದ್ದು.

ಒಂದು ದಿನ ಬಿಟ್ಟು ಕತ್ತರಿಸುವಾಗ ತೂಕ 115 ಗ್ರಾಂ ಇರಲಿ. ಒಟ್ಟು ಸುಮಾರು 1,465 ಗ್ರಾಂ ಮಿಶ್ರಣದಲ್ಲಿ 12 ಬಿಲ್ಲೆ ಸಿಗುತ್ತದೆ. 4ರಿಂದ 6 ವಾರ ಒಣಗುವಾಗ ಶೇ. 10ರ ಮೇಲೆ ತೂಕ ಇಳಿಯುತ್ತದೆ. 100 ಗ್ರಾಂ ಎಂದು ಮುದ್ರಿಸಿದ ಪೊಟ್ಟಣದಲ್ಲಿ 90 ಗ್ರಾಂ ಸಿಕ್ಕರೆ ಅದು ತೂಕದ ಕಾನೂನಿನಡಿ ತಪ್ಪು. ಅದಕ್ಕೇ ಒಣಗಿದ ಮೇಲೆ ತೂಗಿ ಲೇಬಲ್ ಅಂಟಿಸಬೇಕು.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನಲ್ಲಿ, ಎರಡು ತೊಂದರೆ ಹೆಚ್ಚು. ತೆರೆದಿಟ್ಟ ಕಾಸ್ಟಿಕ್ ತೇವವನ್ನೂ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಹೀರಿ ಶಕ್ತಿ ಕಳೆದುಕೊಳ್ಳುತ್ತದೆ. ತೂಕ ಸರಿಯಿದ್ದರೂ ಸೋಪು ಎಣ್ಣೆಯೆಣ್ಣೆಯಾಗುತ್ತದೆ. ಸಣ್ಣ ಡಬ್ಬಿಗಳಲ್ಲಿ ಬಿಗಿಯಾಗಿ ಮುಚ್ಚಿಡಿ. ಎರಡನೆಯದು, ಒಣಗುವಾಗ ಮೂಡುವ ಕಿತ್ತಳೆ ಚುಕ್ಕೆ ಮತ್ತು ಕಮಟು ವಾಸನೆ. ಸೋಪಾಗದೆ ಉಳಿದ ಎಣ್ಣೆ ಗಾಳಿಗೆ ಕೆಡುವುದರಿಂದ ಹೀಗಾಗುತ್ತದೆ, ಕಬ್ಬಿಣದ ಅಂಶ ತಾಗಿದರೆ ಬೇಗ ಬರುತ್ತದೆ. ಕಬ್ಬಿಣದ ಸ್ಟ್ಯಾಂಡು, ಬೋರ್‌ವೆಲ್ ನೀರು, ಹಳೆಯ ಎಣ್ಣೆ ಮೂರನ್ನೂ ಬಿಡಿ. 1 ಕೆಜಿ ಎಣ್ಣೆಗೆ 10 ಗ್ರಾಂ ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಮೊದಲೇ ಕರಗಿಸಿದರೆ ಚುಕ್ಕೆಯೂ ತಗ್ಗುತ್ತದೆ, ಗಡಸು ನೀರಿನ ಊರುಗಳಲ್ಲಿ ಬಚ್ಚಲ ಕಲ್ಲಿಗೆ ಅಂಟುವ ಬಿಳಿ ಪೊರೆಯೂ ಕಡಿಮೆಯಾಗುತ್ತದೆ. ಆ ಆಮ್ಲ ಒಂದಷ್ಟು ಕಾಸ್ಟಿಕನ್ನು ತಿನ್ನುವುದರಿಂದ 6 ಗ್ರಾಂ ಹೆಚ್ಚಿಗೆ ಹಾಕಿ, 151 ಮಾಡಿ.

ಲೇಬಲ್, ಬೆಲೆ, ಹಬ್ಬ

ಸೋಪಿನ ಲೇಬಲಿನಲ್ಲಿ ತಯಾರಕರ ಹೆಸರು-ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ತಿಂಗಳು-ವರ್ಷ, ಬಳಕೆಯ ಅವಧಿ, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಸಂಪರ್ಕ ಇರಬೇಕು. "ಕಜ್ಜಿ ವಾಸಿಮಾಡುತ್ತದೆ" ಎಂದು ಬರೆದೊಡನೆ ಅದು ಔಷಧದ ಲೆಕ್ಕಕ್ಕೆ ಹೋಗುತ್ತದೆ. ಶ್ರೀಗಂಧದ ಸುವಾಸನೆ ಹಾಕಿದ ಮಾತ್ರಕ್ಕೆ ಮೈಸೂರಿನ ಹೆಸರು ಸೇರಿಸಬೇಡಿ. 'ಮೈಸೂರ್ ಸ್ಯಾಂಡಲ್' ಸೋಪು ಭೌಗೋಳಿಕ ಗುರುತು ಪಡೆದ ಹೆಸರು.

ಬೆಲೆಗೆ ಒಂದು ಉದಾಹರಣೆ ನೋಡಿ. ಮೇಣದಬತ್ತಿಯೊಂದಕ್ಕೆ ಮೇಣ, ಬತ್ತಿ, ಸುವಾಸನೆ 70 ರೂ., ಗ್ಲಾಸು 45, ಪೆಟ್ಟಿಗೆ-ಲೇಬಲ್ 25, ನಿಮ್ಮ ಕೂಲಿ 30, ಒಟ್ಟು 170 ಎಂದುಕೊಳ್ಳಿ. 299ಕ್ಕೆ ಮಾರುವ ಅಂಗಡಿಯವರು ಶೇ. 35 ಇಟ್ಟುಕೊಂಡರೆ ನಿಮಗೆ ಬರುವುದು 194, ಉಳಿಯುವುದು 24. ಪರೀಕ್ಷೆಗೆ ಉರಿಸಿದ್ದು, ದಾರಿಯಲ್ಲಿ ಒಡೆದದ್ದು ಅದನ್ನು ನುಂಗುತ್ತವೆ. 350 ಇಟ್ಟರೆ 57 ಉಳಿಯುತ್ತದೆ. ಅಂಗಡಿಗೆ ಕೊಡುವ ಬೆಲೆಯನ್ನು ಮೊದಲೇ ಲೆಕ್ಕ ಹಾಕಿ, ನೇರ ಮಾರುವಾಗಲೂ ಅದೇ ಗರಿಷ್ಠ ಬೆಲೆ ಇಡಿ. ಬರೀ ಸಾಮಾನಿನ ದುಪ್ಪಟ್ಟು ಎಂಬ ಲೆಕ್ಕದಲ್ಲಿ ಕೂಲಿ ಕಳೆದರೆ ಹೆಚ್ಚೇನೂ ಉಳಿಯುವುದಿಲ್ಲ.

ದೀಪಾವಳಿಯೇ ದೊಡ್ಡ ಸುಗ್ಗಿ. ಗಣೇಶ ಚೌತಿಯಿಂದ ನರಕ ಚತುರ್ದಶಿಗೆ ಸಾಮಾನ್ಯವಾಗಿ ಸುಮಾರು 55 ದಿನ. ಆರು ವಾರ ಒಣಗಿಸಿ, ಹತ್ತು ದಿನದಲ್ಲಿ ಪೊಟ್ಟಣ ಕಟ್ಟಿ ಕಳಿಸಬೇಕೆಂದರೆ ಉಡುಗೊರೆ ಪೆಟ್ಟಿಗೆಯ ಸೋಪನ್ನು ಚೌತಿಯ ಹೊತ್ತಿಗೇ ಅಚ್ಚಿಗೆ ಸುರಿದಿರಬೇಕು. ಮೇಣದಬತ್ತಿಯನ್ನು ನವರಾತ್ರಿ ಶುರುವಾಗುವ ಹೊತ್ತಿಗೆ ಮಾಡಿದರೆ ಸಾಕು. ಚೌತಿ ಕಳೆದು ಬರುವ ಸೋಪಿನ ಆರ್ಡರನ್ನು ಒಪ್ಪಿಕೊಳ್ಳುವುದಾದರೆ ಆಗಲೇ ಒಣಗುತ್ತಿರುವ ಬಿಲ್ಲೆಗಳ ಎಣಿಕೆ ನೋಡಿಯೇ ಒಪ್ಪಿಕೊಳ್ಳಿ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆಗೆ ಸೋಯಾ ಮೇಣದಬತ್ತಿ ಕಳಿಸಬೇಡಿ. ಬಿಸಿಲಲ್ಲಿ ನಿಂತ ಪಾರ್ಸೆಲ್ ಗಾಡಿಯೊಳಗೆ ಮೇಣ ಕರಗಿ ಬತ್ತಿ ವಾಲಿರುತ್ತದೆ. ಮಾರ್ಚ್‌ನಿಂದ ಮೇವರೆಗೆ ಆ ಊರುಗಳಿಗೆ ಸೋಪು ಮಾತ್ರ ಕಳಿಸಿ.