ಹಳೇ ಖೋಲಿ ಖಾಲಿ ಮಾಡುವ ಮುಂಚೆ

ಮುಂಬಯಿಯಲ್ಲಿ ಈಗ ಯಾರ ಮನೆಗೆ ಹೋದರೂ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್‌ನದೇ ಮಾತು. ವರ್ಲಿ, ನಾಯ್ಗಾಂವ್‌ನ ಬ್ರಿಟಿಷರ ಕಾಲದ ಬಿಡಿಡಿ ಚಾಳುಗಳ (ಸಾಲುಮನೆಗಳ) 160 ಚದರಡಿಯ ಖೋಲಿಯಲ್ಲಿ, ಅಂದರೆ ಒಂಟಿ ಕೋಣೆಯಲ್ಲಿ, ಬೆಳೆದವರಿಗೆ 500 ಚದರಡಿಯ ಫ್ಲ್ಯಾಟು ಅಂದರೆ ಸಂತೋಷವೇ. ಆದರೆ ಟೆಂಪೋ ಬಂದು ನಿಂತ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಗೋಣಿಗೆ ತುರುಕುವ ನಮ್ಮವರ ಅಭ್ಯಾಸ ಮಾತ್ರ ನನಗೆ ಸೇರುವುದಿಲ್ಲ.

ಮೊದಲು ಕಾಗದಪತ್ರ ಹುಡುಕಿ. ಪಗಡಿ ಮನೆಯಾದರೆ, ಅಂದರೆ ಮುಂಗಡವಾಗಿ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದ ಹಳೇ ಮನೆಯಾದರೆ, ಅಪ್ಪನದೋ ಅಜ್ಜನದೋ ಹೆಸರಿನ ಬಾಡಿಗೆ ರಸೀದಿ, ಹಳೇ ರೇಷನ್ ಕಾರ್ಡು, ಲೈಟ್ ಬಿಲ್ಲು ಮಂಚದಡಿಯ ಟ್ರಂಕಿನಲ್ಲೇ ಇರುತ್ತವೆ. ಹೊಸ ಮನೆಯ ಹಕ್ಕು ಕೇಳುವಾಗ ಕೈಹಿಡಿಯುವುದು ಇವೇ. ಸ್ಕ್ಯಾನ್ ಮಾಡಿಸಿ, ಆದರೆ ಲ್ಯಾಮಿನೇಶನ್ ಬೇಡ. ಅಂಟಿದ ಪ್ಲಾಸ್ಟಿಕ್ ಬಿಡಿಸಲು ಹೋದರೆ ಕಾಗದವೇ ಹರಿಯುತ್ತದೆ.

ಗೋಡೆಯ ಮೇಲಿನ ಫೋಟೋಗಳ ವಿಷಯದಲ್ಲಿ ಅವಸರ ಸಲ್ಲದು. ಎಷ್ಟೋ ಮಳೆಗಾಲದ ತೇವ ಕುಡಿದ ಫೋಟೋ ಗಾಜಿಗೆ ಅಂಟಿಕೊಂಡಿರುತ್ತದೆ. ಎಳೆದಿರೋ, ಅಜ್ಜಿಯ ಮುಖ ಗಾಜಿನಲ್ಲೇ ಉಳಿದೀತು. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ, ಹಾಗೇ ಎತ್ತಿಡಿ. ಬಿಡಿ ಫೋಟೋಗಳ ಹಿಂದೆ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಇಸವಿ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂದಕ್ಕೆ ಮೂಡುತ್ತದೆ. ಈ ಕೆಲಸಕ್ಕೆ ಸೋದರತ್ತೆಯನ್ನೋ ದೊಡ್ಡಮ್ಮನನ್ನೋ ಚಹಾ ಕೊಟ್ಟು ಕೂರಿಸಿಕೊಳ್ಳಿ. "ಇದು ಮಾಟುಂಗಾದ ಮೈಸೂರು ಅಸೋಸಿಯೇಶನ್‌ಗೆ ನಾಟಕ ನೋಡಲು ಹೋದ ದಿನದ್ದು, ಆ ಸೀರೆ ನನ್ನದಲ್ಲ, ಪಕ್ಕದ ಖೋಲಿಯವಳದು" ಎಂದು ಹೇಳಬಲ್ಲವರು ಅವರೇ ತಾನೆ! ಆಮೇಲೆ ಆಲ್ಬಮ್ಮನ್ನು ಅಟ್ಟದ ಮೇಲೆ ಎಸೆಯಬೇಡಿ, ಮಳೆ ಬಡಿಯುವ ಪಡುಗೋಡೆಯ ಕಪಾಟಿನಲ್ಲೂ ಬೇಡ.

ಪಾತ್ರೆಗಳಲ್ಲಿ ಬಳಸುವಂಥದ್ದನ್ನಷ್ಟೇ ಉಳಿಸಿಕೊಳ್ಳಿ. ಮೋರಿಯಲ್ಲಿ (ಖೋಲಿಯ ಮೂಲೆಯ ಬಚ್ಚಲಿನಲ್ಲಿ) ನೀರು ತುಂಬಿಡುತ್ತಿದ್ದ ಪಿಪಾಯಿಗೆ ಹೊಸ ಮನೆಯಲ್ಲಿ ಜಾಗವಿಲ್ಲ, ಬಿಟ್ಟುಬಿಡಿ. ಹಿತ್ತಾಳೆ ತಪ್ಪಲೆಯನ್ನು ಹುಣಸೆಹಣ್ಣು, ಉಪ್ಪಿನಲ್ಲಿ ತಿಕ್ಕಿ ತೊಳೆದ ತಕ್ಷಣ ಒಣಬಟ್ಟೆಯಲ್ಲಿ ಒರೆಸಿ. ತಾನೇ ಆರಲಿ ಎಂದು ಬಿಟ್ಟರೆ ಕಲೆ ನಿಲ್ಲುತ್ತದೆ. ಸಾರು ಕುದಿಸುವ ಆಸೆಯಿದ್ದರೆ ಕಲಾಯಿ ಹಾಕಿಸಲೇಬೇಕು, ಹುಳಿ ತಾಗಿದರೆ ಕಿಲುಬು ಬಿಡುತ್ತದೆ. ರೇಷ್ಮೆ ಸೀರೆ ಹತ್ತಿಬಟ್ಟೆಯಲ್ಲಿರಲಿ, ನುಸಿಗುಳಿಗೆ ಜರಿಗೆ ತಾಗದಿರಲಿ.

ಸಾಮಾನು ಕದಲಿಸುವ ಮುನ್ನವೇ ಖೋಲಿಯ ನಾಲ್ಕೂ ಮೂಲೆಯಿಂದ ಫೋಟೋ ತೆಗೆಯಿರಿ. ಸ್ಟವ್ ಎಲ್ಲಿತ್ತು, ದೇವರ ಗೂಡು ಎಲ್ಲಿತ್ತು, ರಾತ್ರಿ ಯಾರು ಖೋಲಿಯ ಹೊರಗಿನ ಗ್ಯಾಲರಿಯಲ್ಲಿ ಮಲಗುತ್ತಿದ್ದರು ಎಂದು ಅಣ್ಣತಮ್ಮಂದಿರು, ಅಕ್ಕತಂಗಿಯರು ಬೇರೆ ಬೇರೆ ಕಾಗದದ ಮೇಲೆ ನಕ್ಷೆ ಬರೆಯಿರಿ. ಒಬ್ಬರದು ಇನ್ನೊಬ್ಬರದಕ್ಕೆ ಹೊಂದುವುದಿಲ್ಲ, ಮಜಾ ಇರುವುದೇ ಅಲ್ಲಿ. ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಗುರುತಿಸಿದ ಗೆರೆಗಳಿದ್ದರೆ ಟ್ರೇಸಿಂಗ್ ಪೇಪರ್ ಹಿಡಿದು, ಹೆಸರು ತಾರೀಕಿನ ಸಮೇತ ಇಳಿಸಿಕೊಂಡು, ನೆಲದಿಂದ ಎಷ್ಟು ಇಂಚು ಎಂದು ಟೇಪಿನಲ್ಲಿ ಅಳೆದು ಬರೆದಿಡಿ. ಹೊಸ ಮನೆಯಲ್ಲಿ ಅದನ್ನು ಎಲ್ಲಿ ತೂಗುಹಾಕುವುದು ಎಂದು ಪೇಂಟಿಂಗಿಗೆ ಮೊದಲೇ ಸೊಸೆಯ ಹತ್ತಿರ ಮಾತಾಡಿಕೊಳ್ಳಿ. ಆಮೇಲೆ ರಗಳೆ ಬೇಡ.