ಡಿಕ್ಕಿಯೊಳಗೆ ಮಳೆನೀರು: ಅಂಟು ಹಚ್ಚುವ ಮೊದಲು ತೂತು ಹುಡುಕಿ

ತೀರ್ಥಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರ ಹ್ಯಾಚ್‌ಬ್ಯಾಕ್ ಕಾರಿನ ಸ್ಟೆಪ್ನಿ ಗುಂಡಿಯಲ್ಲಿ ಕಳೆದ ಆರಿದ್ರಾ ಮಳೆಗೆ ನಾಲ್ಕು ಲೋಟ ನೀರು ನಿಂತಿತ್ತು. ಗ್ಯಾರೇಜಿನವರು ಡಿಕ್ಕಿ ಬಾಗಿಲಿನ ರಬ್ಬರಿನ ಸುತ್ತ ಸಿಲಿಕೋನ್ ಬಳಿದು ಕಳಿಸಿದರು. ವಾರದೊಳಗೆ ಮತ್ತೆ ನೀರು, ಮತ್ತೆ ಸಿಲಿಕೋನ್. ಮೂರನೆಯ ಸಲ ನಾವೇ ಬಿಚ್ಚಿ ನೋಡಿದೆವು. ಬಾಗಿಲಿನ ರಬ್ಬರ್ ಸರಿಯಾಗಿಯೇ ಇತ್ತು. ನೀರು ಇಳಿಯುತ್ತಿದ್ದುದು ಎಡಗಡೆಯ ಹಿಂದೀಪದ ಹಿಂದಿನಿಂದ. ಇಂಥದ್ದನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಿಕ್ಕಿ ಖಾಲಿ ಮಾಡಿ. ಮ್ಯಾಟು, ಸ್ಟೆಪ್ನಿ, ಎರಡೂ ಬದಿಯ ಪ್ಲಾಸ್ಟಿಕ್ ಹೊದಿಕೆಗಳನ್ನು ತೆಗೆದು ತಗಡು ಕಾಣುವಂತೆ ಮಾಡಿ, ಒರೆಸಿ, ಬಾಗಿಲು ತೆರೆದು ಒಂದು ದಿನ ಒಣಗಲು ಬಿಡಿ. ಹೊದಿಕೆಯ ಕ್ಲಿಪ್‌ಗಳನ್ನು ಸ್ಕ್ರೂಡ್ರೈವರಿನಿಂದ ಎಬ್ಬಿದರೆ ಮುರಿಯುತ್ತವೆ. ಪ್ಲಾಸ್ಟಿಕ್ ಪಟ್ಟಿ ಬಳಸಿ.

ಇನ್ನು ತೂತು ಹುಡುಕುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ನೀರು ಕಂಡ ಜಾಗದಲ್ಲೇ ತೂತು ಇರಬೇಕೆಂದಿಲ್ಲ. ಚಾವಣಿಯ ಆಂಟೆನಾ ಬುಡದಿಂದ ಒಳಬಂದ ಹನಿ ತಗಡಿನ ಅಂಚು ಹಿಡಿದು, ವೈರುಗಳ ಮೇಲೆ ಹರಿದು, ಎರಡು ಮೂರು ಅಡಿ ದೂರದಲ್ಲಿ ತೊಟ್ಟಿಕ್ಕಬಹುದು. ಆದ್ದರಿಂದ ಒಣಗಿದ ತಗಡಿನ ಮೇಲೆ, ಮುಖ್ಯವಾಗಿ ದೀಪಗಳ ಕೆಳಗೆ ಮತ್ತು ಬಾಗಿಲ ಚೌಕಟ್ಟಿನ ಒಳಬದಿಗೆ, ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ. ಒಬ್ಬರು ಹಿಂದಿನ ಸೀಟು ಮಡಚಿ ಟಾರ್ಚ್ ಹಿಡಿದು ಒಳಗೆ ಕೂರಬೇಕು. ಡಿಕ್ಕಿ ಮುಚ್ಚಿದ ಮೇಲೆ ಇನ್ನೊಬ್ಬರು ಹೊರಗಿನಿಂದ ಸಾಮಾನ್ಯ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು. ವಾಷಿಂಗ್ ಸೆಂಟರಿನ ಜೋರು ಪಂಪು ಬೇಡವೇ ಬೇಡ. ಮಳೆನೀರು ಎಂದೂ ನುಗ್ಗದ ಕಡೆಯಲ್ಲೂ ಅದು ನುಗ್ಗಿಸಿ ದಾರಿ ತಪ್ಪಿಸುತ್ತದೆ.

ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡುತ್ತಾ ಹೋಗಿ. ಚಾವಣಿಯಿಂದಲೇ ಶುರು ಮಾಡಿದರೆ ಎಲ್ಲ ಸಂದುಗಳೂ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ. ಮೊದಲು ಬಂಪರಿನ ಮೇಲಂಚು, ಆಮೇಲೆ ಒಂದು ಹಿಂದೀಪ, ಆಮೇಲೆ ಇನ್ನೊಂದು, ಬಳಿಕ ಗಾಜಿನ ಸುತ್ತ, ಮೇಲಿನ ಬ್ರೇಕ್ ದೀಪ, ಬಾಗಿಲ ಕೀಲುಗಳು, ಕೊನೆಗೆ ಆಂಟೆನಾ. ಒಂದೊಂದಕ್ಕೂ ಐದು ನಿಮಿಷ ಕೊಡಿ, ಅವಸರ ಬೇಡ. ಆ ದಿನ ನಾನು ಒಳಗೆ ಕೂತಿದ್ದೆ. ದೀಪಕ್ಕೆ ನೀರು ಬಿಟ್ಟು ಮೂರು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಬೋಲ್ಟಿನ ಪಕ್ಕದಲ್ಲಿ ಸಾಸಿವೆಯಷ್ಟು ಹನಿ ಮೂಡಿತು, ದಪ್ಪವಾಯಿತು, ಬಿಳಿ ಪೌಡರಿನ ನಡುವೆ ಕಪ್ಪು ಗೆರೆ ಎಳೆಯುತ್ತಾ ಸ್ಟೆಪ್ನಿ ಗುಂಡಿಯತ್ತ ಇಳಿಯಿತು.

ಹಿಂದಿನ ವೈಪರಿಗೆ ನೀರು ಒಯ್ಯುವ ಸಣ್ಣ ಕೊಳವೆಯನ್ನು ಮರೆಯಬೇಡಿ. ಹೆಚ್ಚಿನ ಕಾರುಗಳಲ್ಲಿ ಅದು ಬಾನೆಟ್ಟಿನಿಂದ ಡಿಕ್ಕಿ ಬಾಗಿಲವರೆಗೆ ಕಾರಿನ ಒಳಗೇ ಬರುತ್ತದೆ. ಮಳೆಯಿಲ್ಲದ ದಿನವೂ ಒದ್ದೆ ಕಂಡರೆ ಅಥವಾ ನೀರಿಗೆ ಸೋಪಿನ ವಾಸನೆ ಇದ್ದರೆ, ಕೊಳವೆ ಕಳಚಿದೆಯೇ ಎಂದು ಮೊದಲು ನೋಡಿ.

ಬಾಗಿಲಿನ ರಬ್ಬರ್ ಬೀಡಿಂಗ್ ಪರೀಕ್ಷೆ ಸುಲಭ. ಪತ್ರಿಕೆಯ ಪಟ್ಟಿಯೊಂದನ್ನು ಸಿಕ್ಕಿಸಿ ಡಿಕ್ಕಿ ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬರಬೇಕು. ಸುತ್ತಲೂ ಸಡಿಲವಿದ್ದರೆ ಬೀಗದ ಕೊಂಡಿಯನ್ನು ಸ್ವಲ್ಪ ಒಳಕ್ಕೆ ಸರಿಸಿ. ಒಂದೇ ಕಡೆ ಸಡಿಲವಿದ್ದರೆ ಬೀಡಿಂಗ್ ಚಪ್ಪಟೆಯಾಗಿದೆ, ಬದಲಿಸಿ. ಹೊಸದನ್ನು ಕೂರಿಸುವಾಗ ಜೋಡಣೆ ಕೆಳಗೆ ನಡುವೆ ಬರಲಿ, ಮೂಲೆಗಳಲ್ಲಿ ಎಳೆದು ಹಿಗ್ಗಿಸಬೇಡಿ. ಎಂಜಿನ್ ಆಯಿಲ್, ಗ್ರೀಸ್ ಸವರಿದರೆ ಈ ರಬ್ಬರ್ ಊದಿಕೊಂಡು ಹಾಳಾಗುತ್ತದೆ.

ಹಿಂದೀಪದ ಸೋರಿಕೆಗೆ ದೀಪ ಬಿಚ್ಚಿ, ದೀಪಕ್ಕೂ ತಗಡಿಗೂ ನಡುವಿನ ಹಳೆಯ ಸ್ಪಂಜು ಗ್ಯಾಸ್ಕೆಟನ್ನು ಪೂರ್ತಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ ಹೊಸ ಗ್ಯಾಸ್ಕೆಟ್ ಹಾಕಿ. ಅದು ಸಿಗದಿದ್ದರೆ ಬ್ಯುಟೈಲ್ ಟೇಪ್, ಅಂದರೆ ಅಂಟಂಟಾದ ಮೆತ್ತನೆಯ ರಬ್ಬರ್ ಪಟ್ಟಿ. ವರ್ಷಗಟ್ಟಲೆ ಮೆತ್ತಗೇ ಇರುತ್ತದೆ, ಮುಂದೆ ಬಲ್ಬ್ ಬದಲಿಸಲೂ ಬಿಚ್ಚಬಹುದು. ಗ್ಯಾಸ್ಕೆಟ್ ಸಿಗದಾಗ ನನ್ನ ಆಯ್ಕೆ ಯಾವಾಗಲೂ ಇದೇ. ಬೋಲ್ಟ್‌ಗಳನ್ನು ಅತಿಯಾಗಿ ಬಿಗಿದರೆ ದೀಪದ ಪ್ಲಾಸ್ಟಿಕ್ ಸೀಳುತ್ತದೆ. ತಗಡಿನ ಬೆಸುಗೆ ಸಂದು ಬಿರಿದಿದ್ದರೆ ಹಳೆಯ ಸೀಲರನ್ನು ಕೆರೆದು, ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ ಪಾಲಿಯುರೆಥೇನ್ ಸೀಮ್ ಸೀಲರ್ (ತಗಡಿನ ಸಂದು ಮುಚ್ಚುವ ಅಂಟು) ತುಂಬಿ. ಹಿಂದಿನಿಂದ ಗುದ್ದಿಸಿಕೊಂಡು ಟಿಂಕರಿಂಗ್ ಮಾಡಿಸಿದ ಕಾರುಗಳಲ್ಲಿ ಈ ಸಂದುಗಳನ್ನೇ ಮೊದಲು ಅನುಮಾನಿಸಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವಿನೆಗರ್ ವಾಸನೆಯ ಅಗ್ಗದ ಸಿಲಿಕೋನನ್ನು ಕಾರಿಗೆ ಮುಟ್ಟಿಸಬೇಡಿ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬರಿ ತಗಡಿಗೆ ತುಕ್ಕು ಹಿಡಿಸುತ್ತದೆ. ಅದರ ಜಿಡ್ಡು ಉಳಿದ ಕಡೆ ಮುಂದೆ ಬಣ್ಣವೂ ನಿಲ್ಲುವುದಿಲ್ಲ. ಸ್ಟೆಪ್ನಿ ಗುಂಡಿಯ ರಬ್ಬರ್ ಮುಚ್ಚಳ ತೆಗೆದುಬಿಟ್ಟು ನೀರು ತಾನಾಗಿ ಹೋಗಲಿ ಎನ್ನುವವರೂ ಇದ್ದಾರೆ. ಆ ತೂತಿನಿಂದ ರಸ್ತೆಯ ಕೆಸರು ಮಾತ್ರವಲ್ಲ, ಸೈಲೆನ್ಸರಿನ ಹೊಗೆಯೂ ಒಳಬರಬಹುದು. ಮಕ್ಕಳು ಕೂರುವ ಕಾರಿನಲ್ಲಿ ಅದನ್ನು ದಯವಿಟ್ಟು ಮಾಡಬೇಡಿ.

ಸೀಲರ್ ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಅದೇ ಜಾಗಕ್ಕೆ ಮತ್ತೆ ಹತ್ತು ನಿಮಿಷ ನೀರು ಬಿಡಿ. ಒಳಗೆ ಪೌಡರ್ ಒಣಗಿಯೇ ಇದ್ದರೆ ಹೊದಿಕೆಗಳನ್ನು ಕೂರಿಸಿ, ಸ್ಟೆಪ್ನಿಯ ಕೆಳಗೆ ಒಂದು ಹಾಳೆ ಪತ್ರಿಕೆ ಹಾಸಿ. ಮುಂದಿನ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಅದನ್ನು ಮುಟ್ಟಿ ನೋಡಿ.